ಹೊಸ ಕಲೆಗಳು ಮಾತ್ರ

ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ನಾನು ಚಾಚಿಗೆ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತು ವರ್ಷ ಬಿಸಿಲಿನಲ್ಲಿ ಕೂತು ಮೆಣಸಿನಕಾಯಿ ಆರಿಸಿದವರು ಅವರು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಯಾವಾಗಲೂ ನೆಲವನ್ನೇ ನೋಡುತ್ತಿದ್ದರು. ಬಿಳಿ ಕಾಗದದ ಮೇಲೆ ಸೂರ್ಯ ಬಿದ್ದಾಗ ಅದನ್ನು ನೋಡುವುದು ಹೇಗೆ ಎಂಬುದಷ್ಟನ್ನೇ ನಾನು ಕಲಿಸಿದೆ. ಕಲಿಸಿದ್ದು ಸಾಲಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಅದು ೧೯೯೦ನೇ ಇಸವಿ, ಬ್ಯಾಡಗಿ. ನಮ್ಮ ಊರು ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಾನು ಹಿಂದಿನ ವರ್ಷವೇ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಮುಂದೆ ಸಂಶೋಧನೆ ಮಾಡಬೇಕೆಂಬ ಆಸೆಯನ್ನು ಧಾರವಾಡದ ನಮ್ಮ ಪ್ರಾಧ್ಯಾಪಕರೊಬ್ಬರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಅವರು ವಿಭಾಗದ ಕಪಾಟಿನಿಂದ ಒಂದು ಸಣ್ಣ ದೂರದರ್ಶಕವನ್ನು ತೆಗೆದು, ಸಹಿ ಮಾಡಿಸಿಕೊಂಡು, ನನ್ನ ಕೈಗಿಟ್ಟಿದ್ದರು.

"ಆರು ತಿಂಗಳು ದಿನಾ ಮುಂಜಾನೆ ಸೂರ್ಯನ ಮೈಮ್ಯಾಲಿನ ಕಲಿ ನೋಡಿ ಬರೀವಾ. ಮೋಡ ಇದ್ದ ದಿನ ಮೋಡ ಅಂತ ಬರಿ, ಆದ್ರ ಹಾಳಿ ತಪ್ಪಬಾರದು. ಅದನ್ನ ನೋಡಿ ಸಮಿತಿಯವರು ನಿನ್ನ ತಗೋತಾರೋ ಬಿಡ್ತಾರೋ ಹೇಳ್ತಾರ," ಎಂದಿದ್ದರು.

ಸಮಿತಿ ಒಪ್ಪದಿದ್ದರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ರಾಣೆಬೆನ್ನೂರಿನ ಬೀಜದ ಗೋದಾಮೊಂದರಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಅಲ್ಲಿನ ಒಂದು ಕಾಲೇಜಿನವರ ಜೊತೆ ಮಾತಾಡಿಟ್ಟಿದ್ದರು. ಜೂನ್‌ನಿಂದ ಲ್ಯಾಬಿನಲ್ಲಿ ಉಪಕರಣ ಜೋಡಿಸಿಕೊಡುವ ಕೆಲಸ. ಕೆಟ್ಟ ಕೆಲಸವೇನೂ ಅಲ್ಲ. ಆದರೆ ಅದರೊಳಗೆ ಹೋದರೆ ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಅದೇ ಕಾರಣಕ್ಕೆ ಅವರಿಗೆ ಅದು ಹಿಡಿಸಿತ್ತು.

ಸೂರ್ಯನ ಮೇಲಿನ ಕಲೆಗಳೆಂದರೆ ಅವನ ಮೈಯ ಕಾಂತಶಕ್ತಿ ಗಂಟುಕಟ್ಟಿದ ಜಾಗಗಳು. ಒಳಗಿನ ಶಾಖ ಅಲ್ಲಿ ಮೇಲೆ ಬರಲಾರದೆ ಸುತ್ತಲಿಗಿಂತ ತುಸು ತಣ್ಣಗಿರುತ್ತದೆ, ಹಾಗಾಗಿ ಕಪ್ಪಗೆ ಕಾಣುತ್ತದೆ. ಕಾಗದದ ಮೇಲೆ ಸಾಸಿವೆಯಷ್ಟು ಕಾಣುವ ಕಲೆಯೊಳಗೆ ನಮ್ಮ ಭೂಮಿ ಆರಾಮಾಗಿ ಹಿಡಿಸೀತು. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಅವು ವಿಪರೀತ ಹೆಚ್ಚಾಗುತ್ತವೆ, ಮತ್ತೆ ಕಡಿಮೆಯಾಗುತ್ತವೆ. ನನ್ನ ಪುಣ್ಯಕ್ಕೆ ಅದು ಹೆಚ್ಚಾಗಿದ್ದ ಕಾಲ. ಹಿಂದಿನ ವರ್ಷವಷ್ಟೇ ಸೂರ್ಯನಿಂದ ಎದ್ದ ಬಿರುಗಾಳಿ ಕೆನಡಾದ ಒಂದು ಪ್ರಾಂತದಲ್ಲಿ ಕರೆಂಟನ್ನೇ ಕೆಡಿಸಿತ್ತು. ಅದನ್ನು ಅವ್ವನಿಗೆ ಹೇಳಿದಾಗ ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, "ನಮ್ಮಲ್ಲಿ ದಿನಾ ಹೋಗತೈತಿ. ಅದಕ್ಕ ಸೂರ್ಯ ಯಾಕ ಬೇಕು?" ಎಂದಿದ್ದಳು.

ನಮ್ಮ ಮನೆ ಮಾಳಿಗೆಯದು. ಸಪಾಟಾದ ಛಾವಣಿ, ನಡುಮನೆಗೆ ಬೆಳಕು ಬೀಳಲೆಂದು ಅದರಲ್ಲೊಂದು ಗೇಣಗಲದ ಬೆಳಕಿಂಡಿ. ಸುಗ್ಗಿಯಲ್ಲಿ ಪಕ್ಕದ ವ್ಯಾಪಾರಿಗಳು ತಮ್ಮ ಅಂಗಳ ಸಾಲದೆ ನಮ್ಮ ಮಾಳಿಗೆಯ ಮೇಲೂ ಮೆಣಸಿನಕಾಯಿ ಹರವುತ್ತಿದ್ದರು. ಅದನ್ನು ಆರಿಸಲು ಬರುತ್ತಿದ್ದವರು ಚಾಚಿ. ನೆಂಟರೇನೂ ಅಲ್ಲ, ಊರವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಊರಿನ ಹೆಂಗಸರಲ್ಲಿ ಅವರಷ್ಟು ಚುರುಕು ಕಣ್ಣಿನವರು ಇರಲಿಲ್ಲ. ತಾಡಪತ್ರಿಯ ಮೇಲಿನ ಕೆಂಪು ರಾಶಿಯಲ್ಲಿ ಬಣ್ಣ ಹೋದ ಬಿಳಿಗಾಯಿಯನ್ನೂ ಚುಕ್ಕೆ ಬಿದ್ದ ಕಾಯಿಯನ್ನೂ ಮುಖ ಎತ್ತದೆ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ನೂರು ಕಾಯಿಗೆ ಎಷ್ಟು ಚುಕ್ಕೆಯವು ಎಂದು ವ್ಯಾಪಾರಿ ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಓದು ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು.

ಎರಡು ತಿಂಗಳು ಅವರು ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಂಟೂವರೆಗೆ ದೂರದರ್ಶಕ ಹೂಡಿ, ಹಿಂದೆ ಹಲಗೆಗೆ ಕಾಗದ ಸಿಕ್ಕಿಸಿ, ಅದರ ಮೇಲೆ ಬಿದ್ದ ಸೂರ್ಯನ ಬಿಂಬದಲ್ಲಿ ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿ ಕೆಳಗಿಳಿಯುತ್ತಿದ್ದೆ. ಒಂದು ದಿನ ಚಾಚಿ ಬುಟ್ಟಿ ಹಿಡಿದು ಹಿಂದೆ ಬಂದು ನಿಂತರು.

"ಒಂದು ಬಿಟ್ಟಿ, ಬೇಟಾ."

"ಎಲ್ಲಿ?"

"ಇಲ್ಲಿ, ದೊಡ್ಡದರ ಬಾಜೂಕ. ಸಣ್ಣದು."

ನನಗೆ ಕಾಣಲಿಲ್ಲ. ಗಾಜಿನ ಮೇಲಿನ ಧೂಳಿರಬೇಕೆಂದು ದೂರದರ್ಶಕವನ್ನು ತುಸು ಸರಿಸಿದೆ. ಧೂಳಾಗಿದ್ದರೆ ನಿಂತಲ್ಲೇ ನಿಲ್ಲಬೇಕು. ಆ ಚುಕ್ಕೆ ಬಿಂಬದ ಜೊತೆಗೇ ಸರಿಯಿತು. ನಿಜವಾದ ಕಲೆಯೇ.

ಅಂದಿನಿಂದ ನಾನು ಬರೆದ ಮೇಲೆ ಚಾಚಿ ಒಮ್ಮೆ ನೋಡುವುದು ರೂಢಿಯಾಯಿತು. ಬಿಂಬ ಜಾರುವ ದಿಕ್ಕೇ ಪಶ್ಚಿಮ ಎಂಬುದನ್ನೂ, ಕಲೆಗಳು ದಿನದಿಂದ ದಿನಕ್ಕೆ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ನಡೆಯುತ್ತವೆ ಎಂಬುದನ್ನೂ ತೋರಿಸಿದೆ. "ಹಂಗಾದ್ರ ಇದು ತಿರಗತೈತಿ," ಎಂದರು. "ಹೌದು ಚಾಚಿ, ಸುಮಾರು ಇಪ್ಪತ್ತೇಳು ದಿನಕ್ಕ ಒಂದು ಸುತ್ತು." ಅವರು ತಲೆಯಾಡಿಸಿ ತಮ್ಮ ರಾಶಿಗೆ ಹೋದರು. ಅಷ್ಟೇ ನಮ್ಮ ಮಾತುಕತೆ. ನನಗೆ ಅದು ಹಿತವಾಗಿತ್ತು.

ಮಾರ್ಚ್ ಮೊದಲ ವಾರ ನನಗೆ ಸಿಡುಬು ಎದ್ದಿತು. ಪ್ರಾಣಕ್ಕೆ ಎರವಾಗುವಂಥದ್ದಲ್ಲ, ಮೈತುಂಬ ನೀರುಗುಳ್ಳೆ ಏಳುವ ಸಣ್ಣ ಸಿಡುಬು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ರೋಗ ಎನ್ನುವುದಿಲ್ಲ. ಅಮ್ಮ ಬಂದಾಳ ಎನ್ನುತ್ತಾರೆ. ಅವ್ವ ನನ್ನನ್ನು ನಡುಮನೆಯ ಮೂಲೆಯಲ್ಲಿ ಬೇವಿನ ತೊಪ್ಪಲಿನ ಮೇಲೆ ಮಲಗಿಸಿದಳು. ಒಗ್ಗರಣೆ ಬಂದ್. ಬಿಸಿಲಿಗೆ ಹೋಗುವುದು ಬಂದ್. ಪುಸ್ತಕ, ಕಾಗದ, ಪೆನ್ಸಿಲ್ ಎಲ್ಲ ಬಂದ್. ಮೆಣಸಿನಕಾಯಿಯನ್ನೂ ಕೆಳಗಿಳಿಸಬೇಕೆಂದು ಹಟ ಹಿಡಿದಿದ್ದಳು. ಚಾಚಿ ರಾಶಿಯನ್ನು ಮಾಳಿಗೆಯ ಆಚೆ ತುದಿಗೆ ಒಯ್ದು, "ಘಾಟು ಈ ಕಡೆ ಬಂದ್ರ ನನ್ನ ಹೆಸರು ತಗೀರಿ," ಎಂದು ಮಾತು ಕೊಟ್ಟ ಮೇಲೆ ಸುಮ್ಮನಾದಳು.

ನನಗೆ ಜ್ವರಕ್ಕಿಂತ ಹಾಳೆಯ ಚಿಂತೆ. ಸಮಿತಿ ಕೂಡಲು ಆರು ವಾರ ಇತ್ತು. ಐದು ತಿಂಗಳಲ್ಲಿ ಒಂದು ಹಾಳೆಯೂ ತಪ್ಪಿರಲಿಲ್ಲ.

"ಚಾಚೀ," ಎಂದು ಮಲಗಿದಲ್ಲಿಂದಲೇ ಬೆಳಕಿಂಡಿಯ ಕಡೆ ಕೂಗಿದೆ. ಅವರ ಮುಖ ಮೇಲಿನಿಂದ ಆ ಗೇಣಗಲದ ಬೆಳಕನ್ನು ಮುಚ್ಚಿತು.

"ಏನು ಬೇಟಾ?"

"ನಿನ್ನಿ ಹಾಳಿ ಹಲಗಿ ಮ್ಯಾಲೆ ಐತಿ. ಇವತ್ತಿಂದ ನೀವು ಬರೀತೀರೇನು?"

"ಬರೀತೇನಿ. ಅದರಾಗೇನೈತಿ? ನೀ ಮಲಕೋ."

"ಎಷ್ಟು ಅದಾವು ಅನ್ನೋದು ದಿನಾ ನನಗ ಕೂಗಿ ಹೇಳ್ರಿ."

ಹಿಂದಿನ ದಿನ ನಾನು ಎಣಿಸಿದಾಗ ಏಳು ಗುಂಪುಗಳಲ್ಲಿ ಐವತ್ತೆರಡು ಕಲೆಗಳಿದ್ದವು. ಆ ಬೆಳಿಗ್ಗೆ ಬೆಳಕಿಂಡಿಯಿಂದ ಕೂಗು ಬಂತು: "ಒಂಬತ್ತು!"

ನನಗೆ ಅಚ್ಚರಿಯಾಯಿತು. ಅತಿ ದೊಡ್ಡ ಗುಂಪು ಪಶ್ಚಿಮದ ಅಂಚಿಗೆ ಬಂದಿದ್ದು ನಿಜ. ಅದು ಆಚೆ ಹೊರಳಿರಬೇಕು. ಉಳಿದವು? "ಸರಿ ನೋಡಿದ್ರಿ ಹೌದಲ್ಲೋ?"

"ನನ್ನ ಕಣ್ಣಿಗೆ ಏನಾಗೇತಿ?" ಎಂದು ಚಾಚಿ ಮುನಿಸಿಕೊಂಡರು. "ಅಮ್ಮ ಬಂದಿರೋದು ನಿನಗ. ನನಗಲ್ಲ."

ಮರುದಿನ ನಾಲ್ಕು. ಅದರ ಮರುದಿನ, "ಇವತ್ತು ಒಂದೂ ಇಲ್ಲ ನೋಡು!" ಆಮೇಲೆ ಮೂರು, ಆಮೇಲೆ ಎರಡು.

ಕತ್ತಲೆ ಕೋಣೆಯಲ್ಲಿ ಮೈ ಉರಿಯುತ್ತ ಮಲಗಿದವಳಿಗೆ ಬೇರೆ ಕೆಲಸವೇನಿತ್ತು? ನಾನು ಯೋಚಿಸುತ್ತ ಹೋದೆ. ಹೆಚ್ಚಳದ ಕಾಲದ ನಟ್ಟನಡುವೆ ಸೂರ್ಯ ಇದ್ದಕ್ಕಿದ್ದಂತೆ ತಣ್ಣಗಾಗಿದ್ದಾನೆ. ಮುನ್ನೂರು ವರ್ಷಗಳ ಹಿಂದೆ ಸೂರ್ಯ ಕಲೆಗಳನ್ನು ಬಹುಮಟ್ಟಿಗೆ ಕಳೆದುಕೊಂಡು ದಶಕಗಟ್ಟಲೆ ಹಾಗೇ ಇದ್ದದ್ದುಂಟು. ಅಂಥದ್ದೇ ಈಗ ಶುರುವಾಗಿದ್ದರೆ? ಅದನ್ನು ಮೊದಲು ಕಂಡವರು ಬ್ಯಾಡಗಿಯ ಮಾಳಿಗೆಯ ಮೇಲಿನವರು ಎಂದಾದರೆ? ಜ್ವರ ನೂರಾ ಮೂರು ಇತ್ತು. ಆದರೆ ಅದು ನೆಪವಾಗಲಾರದು. ಜಗತ್ತಿನ ಎಷ್ಟೋ ವೀಕ್ಷಣಾಲಯಗಳು ಪ್ರತಿದಿನ ಅದೇ ಸೂರ್ಯನನ್ನು ನೋಡುತ್ತಿರುತ್ತವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆಸೆಪಟ್ಟೆ.

ಐದನೆಯ ದಿನ ಅವ್ವನಿಂದ ಸರ್ ಅವರಿಗೆ ಒಂದು ಕಾರ್ಡು ಬರೆಸಿದೆ. ನಾನು ಹೇಳಿದಂತೆ ಅವಳು ಹೊಸ್ತಿಲ ಆಚೆ ಕೂತು ಬರೆದಳು: ಕಲೆಗಳು ಐವತ್ತೆರಡರಿಂದ ಎರಡಕ್ಕೆ ಇಳಿದಿವೆ, ಇದು ಬಹಳ ಮಹತ್ವದ್ದಿರಬಹುದು, ಹಾಳೆಗಳನ್ನು ಕೂಡಲೇ ತಂದು ತೋರಿಸುತ್ತೇನೆ. ಕೊನೆಗೆ, ನನಗೆ ಹೇಳದೆ, ತನ್ನದೊಂದು ಸಾಲು ಸೇರಿಸಿದಳು: "ಹುಡುಗಿಗೆ ಮೈಯಲ್ಲಿ ಆರಾಮ ಇಲ್ಲ, ಆಕೆ ಬರೆಸಿದ್ದನ್ನು ಬರೆದಿರುವೆ." ಆ ಸಾಲು ಮುಂದೆ ನನ್ನ ಪಾಲಿಗೆ ಎಷ್ಟು ದೊಡ್ಡ ಉಪಕಾರವಾಯಿತು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಬೇವಿನ ನೀರಿನ ಸ್ನಾನವಾಯಿತು. ಹನ್ನೆರಡನೆಯ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಮಾಳಿಗೆ ಹತ್ತಿದೆ. ಚಾಚಿ ಆಗಲೇ ದೂರದರ್ಶಕ ಹೂಡಿ, ಹಲಗೆ ಒರೆಸಿ, ಕಾಗದ ಸಿಕ್ಕಿಸಿದ್ದರು. ಬಿಂಬದ ಮೇಲೆ ಬಾಗಿದೆ.

ಕಲೆಗಳು ಕಿಕ್ಕಿರಿದಿದ್ದವು. ಎಂಟು ಗುಂಪು, ಐವತ್ತರ ಮೇಲೆ ಕಲೆ. ಅದರಲ್ಲಿ ಒಂದು ಗುಂಪು ನನಗೆ ಪರಿಚಯದ್ದು. ನಾನು ಮಲಗುವ ದಿನ ಪೂರ್ವದ ಅಂಚಿನಲ್ಲಿ ಆಗಷ್ಟೇ ಇಣುಕಿತ್ತು. ಈಗ ನಡುಭಾಗ ದಾಟಿ ಪಶ್ಚಿಮದ ಹತ್ತಿರ ಬಂದಿತ್ತು. ಅಂದರೆ ಅಷ್ಟೂ ದಿನ ಅದು ಅಲ್ಲೇ ಇತ್ತು.

"ಚಾಚಿ, ನಿನ್ನಿ ಎಷ್ಟಿದ್ದವು?"

"ನಿನ್ನಿ ಮೂರು."

"ಇದು? ಈ ದೊಡ್ಡದು ನಿನ್ನಿ ಇರಲಿಲ್ಲೇನು?"

"ಇತ್ತಲ್ಲ."

"ಮತ್ತ ಯಾಕ ಎಣಿಸಲಿಲ್ಲ?"

ಚಾಚಿ ನನ್ನನ್ನು ನೋಡಿದ ರೀತಿ ಹೇಳಲಾರೆ. ಜ್ವರ ಇನ್ನೂ ಇಳಿದಿಲ್ಲವೇನೋ ಎಂಬಂತೆ ಹಣೆ ಮುಟ್ಟಲು ಕೈ ಮುಂದೆ ತಂದರು. "ಅದನ್ನ ನೀನ ಎಣಿಸೀದಿ. ನಿನ್ನ ಹಾಳಿ ಮ್ಯಾಲೆ ಐತಿ. ಎಣಿಸಿ ಬುಟ್ಟಿಗೆ ಹಾಕಿದ ಕಾಯಿನ ಮರುದಿನ ಮತ್ತ ತಗದು ಎಣಿಸ್ತಾರೇನು ಬೇಟಾ? ವ್ಯಾಪಾರಿ ಚಪ್ಪಲಿ ತಗೋತಾನ."

ಹನ್ನೊಂದು ಹಾಳೆಗಳನ್ನು ತೆಗೆದು ನೋಡಿದೆ. ಪ್ರತಿಯೊಂದರ ಮೇಲೂ ಅಚ್ಚುಕಟ್ಟಾದ ವೃತ್ತ, ಮತ್ತು ಆ ದಿನ ಹೊಸದಾಗಿ ಕಂಡ ಕಲೆಗಳು ಮಾತ್ರ. ಹಿಂದಿನ ದಿನಗಳ ಹಾಳೆಗಳನ್ನು ಪಕ್ಕಕ್ಕಿಟ್ಟುಕೊಂಡು, ಯಾವುದು ಎಷ್ಟು ಸರಿದಿದೆ ಎಂದು ಹೊಂದಿಸಿ, ಉಳಿದದ್ದನ್ನಷ್ಟೇ ಬರೆದಿದ್ದರು. ನನ್ನ ಕೆಲಸಕ್ಕಿಂತ ಹತ್ತು ಪಟ್ಟು ಕಷ್ಟದ ಕೆಲಸ. ಒಂದು ಗೆರೆಯೂ ಅಲುಗಾಡಿರಲಿಲ್ಲ.

ಆಗ ಕಾರ್ಡು ನೆನಪಾಯಿತು. ಎರಡು ದಿನಕ್ಕೆ ಸರ್ ಅವರ ಉತ್ತರವೂ ಬಂತು: "ಬೇರೆ ಯಾರೂ ಇಂಥ ಇಳಿತ ಕಂಡಿಲ್ಲ. ಮುಂದಿನ ಗುರುವಾರ ಹಾವೇರಿಯ ಕಾಲೇಜಿಗೆ ಪರೀಕ್ಷಕನಾಗಿ ಬರುತ್ತಿದ್ದೇನೆ. ಹಾಳೆಗಳನ್ನು ತೆಗೆದುಕೊಂಡು ಬಾ. ನಿನಗೆ ಆರಾಮ ಇಲ್ಲವೆಂದು ಕಾರ್ಡಿನ ಕೊನೆಯಲ್ಲಿ ಓದಿ ಇದನ್ನು ಸಮಿತಿಯ ಯಾರಿಗೂ ಹೇಳಿಲ್ಲ. ಅವರಿಗಿಂತ ಮೊದಲು ನಾನು ನೋಡಬೇಕು."

ಗುರುವಾರಕ್ಕೆ ಆರು ದಿನ ಇತ್ತು. ಆ ಆರು ದಿನಗಳಲ್ಲಿ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಬರೆದಿಲ್ಲ.

ನನ್ನ ಕೊನೆಯ ಹಾಳೆಯಲ್ಲಿ ಹಳೆಯ ಕಲೆಗಳಿದ್ದವು. ಹೊಸವು ಚಾಚಿಯ ಹಾಳೆಗಳಲ್ಲಿದ್ದವು. ಸೂರ್ಯನ ನಡುಪಟ್ಟಿಯಲ್ಲಿರುವ ಕಲೆ ಬೇಗ ಸಾಗುತ್ತದೆ, ಧ್ರುವದ ಕಡೆಯದು ನಿಧಾನ. ಎಷ್ಟು ಬೇಗ, ಎಷ್ಟು ನಿಧಾನ ಎಂಬುದು ಪುಸ್ತಕದಲ್ಲಿದೆ. ಹಾಗಿದ್ದ ಮೇಲೆ ಪ್ರತಿದಿನ ಯಾವ ಕಲೆ ಎಲ್ಲಿರಬೇಕಿತ್ತು ಎಂದು ಲೆಕ್ಕ ಹಾಕಬಹುದು. ಹಾಕಿದೆ. ಹನ್ನೊಂದು ಹೊಸ ಹಾಳೆಗಳ ಮೇಲೆ ಹನ್ನೊಂದು ಪೂರ್ಣ ಸೂರ್ಯರನ್ನು ಬರೆದೆ. ದೊಡ್ಡ ಕಲೆಯ ಸುತ್ತಲಿನ ಮಸುಕು ಅಂಚನ್ನೂ ಬಿಡಲಿಲ್ಲ. ಬರೆದು ಮುಗಿಸಿದಾಗ ನನ್ನ ಉಳಿದ ಹಾಳೆಗಳ ನಡುವೆ ಅವು ಬೇರೆಯಾಗಿ ಕಾಣಲೇ ಇಲ್ಲ. ಹಿಂಬದಿಯಲ್ಲಿ, ಮೂಲೆಯಲ್ಲಿ, ತೀರ ಸಣ್ಣ ಅಕ್ಷರದಲ್ಲಿ "ಲೆಕ್ಕದಿಂದ" ಎಂದು ಬರೆದೆ. ಅಷ್ಟು ಬರೆದರೆ ಸುಳ್ಳಾಗುವುದಿಲ್ಲ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಚಾಚಿ ಇಸ್ತ್ರಿ ಮಾಡಿದ ಸೀರೆಯುಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು.

"ನೀವ್ಯಾಕ ಚಾಚಿ?"

"ತಪ್ಪು ನಂದು ಅಂತ ನಿಮ್ಮ ಅವ್ವ ಹೇಳಿದ್ಲು. ನಿನಗ ಬೈಸಿಕೊಳ್ಳಾಕ ಬಿಟ್ಟು ನಾ ಕಾಯಿ ಆರಿಸ್ಕೋತ ಕುಂದರ್ಲೇನು? ನಡಿ, ನಡಿ. ಲಗೂ ಹತ್ತು, ಸೀಟು ಹೋಗತಾವ."

ಇಬ್ಬರೂ ಬಸ್ಸು ಹತ್ತಿದೆವು. ಮೋಟೆಬೆನ್ನೂರಿನಲ್ಲಿ ಬಸ್ಸು ಹೈವೇ ಸೇರಿ ಹಾವೇರಿಯ ಕಡೆ ತಿರುಗುವವರೆಗೂ ನಾನು ಚೀಲವನ್ನು ಎದೆಗವಚಿಕೊಂಡೇ ಕೂತಿದ್ದೆ. ಅದರಲ್ಲಿ ಎರಡು ಕಟ್ಟು ಇದ್ದವು. ಮೇಲೆ ನನ್ನವು, ಕೆಳಗೆ ಚಾಚಿಯವು.

ಪ್ರಾಯೋಗಿಕ ಪರೀಕ್ಷೆಯ ಬಿಡುವಿನಲ್ಲಿ ಸರ್ ಲ್ಯಾಬಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತಿದ್ದರು. ನನ್ನ ಮುಖದ ಮೇಲಿನ ಗುರುತುಗಳನ್ನು ನೋಡಿ, "ಸೂರ್ಯನ ಕಲಿ ನಿನ್ನ ಮ್ಯಾಲೆ ಬಂದಾವಲ್ಲವಾ," ಎಂದು ನಕ್ಕರು. ಚಾಚಿಗೆ ಕುರ್ಚಿ ತೋರಿಸಿ, "ಕೂಡ್ರಿ ಬಾಯಾರ," ಎಂದರು. ಚಾಚಿ ಕೂರಲಿಲ್ಲ, ಬಾಗಿಲ ಪಕ್ಕ ನಿಂತರು.

"ಕಾರ್ಡಿನಾಗ ಬರೆದದ್ದು ತಪ್ಪು ಸರ್," ಎಂದೆ. "ಎಣಿಕಿಯೊಳಗ ಗೊಂದಲ ಆಗಿತ್ತು. ಸರಿ ಹಾಳಿ ತಂದೇನಿ." ನನ್ನ ಕೈ ತೆಗೆದುಕೊಟ್ಟದ್ದು ಮೇಲಿನ ಕಟ್ಟನ್ನು.

ಸರ್ ಒಂದೊಂದಾಗಿ ಮೇಜಿನ ಮೇಲೆ ಹರವಿದರು. ಕನ್ನಡಕ ಹಣೆಗೇರಿಸಿ ಹತ್ತಿರ ಬಾಗಿದರು. "ಛಲೋ ಅದಾವ. ಜ್ವರದಾಗ ಇಷ್ಟು ಛಂದ ಬರೆದೆಲ್ಲ." ನಾನು ಸುಮ್ಮನೆ ನಿಂತೆ. ಆ ಮೌನವನ್ನು ಈಗಲೂ ಮರೆಯಲಾರೆ. ಹಿಂಬದಿ ತಿರುಗಿಸಿ ನೋಡಿರಿ ಎನ್ನಲು ಒಂದು ಕ್ಷಣ ಸಾಕಾಗಿತ್ತು.

ಚಾಚಿ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದರು. ಮೆಣಸಿನಕಾಯಿಯ ರಾಶಿಯನ್ನು ನೋಡುವಂತೆ ತಲೆ ಬಗ್ಗಿಸಿ ನೋಡಿದರು.

"ಸಾಹೇಬ್ರ, ಇದು ಯಾವ ದಿನದ್ದು?"

"ಇದಾ? ಏಳನೇ ದಿನದ್ದು ನೋಡ್ರಿ."

"ಏಳನೇ ದಿನ ಇವು ನಾಕು ಇರಲಿಲ್ರಿ." ಮೇಲ್ಭಾಗದ ಒಂದು ಸಣ್ಣ ಗುಂಪಿನ ಮೇಲೆ ಬೆರಳಿಟ್ಟರು. "ಇವು ಮೂರನೇ ದಿನಾನ ಅಳಿಸಿ ಹೋದ್ವು. ಮತ್ತ ಇದು ಇಲ್ಲಿತನಕ ಬಂದಿರಲಿಲ್ಲ, ಇನ್ನೂ ಹಿಂದ ಇತ್ತು." ಆಮೇಲೆ ನನ್ನ ಕಡೆ ತಿರುಗಿ, ಏನೂ ಗೊತ್ತಿಲ್ಲದ ಧ್ವನಿಯಲ್ಲಿ, "ಈ ಹಾಳಿ ಯಾರು ನೋಡಿ ಬರೆದ್ರು ಬೇಟಾ? ಮಾಳಿಗಿ ಮ್ಯಾಲೆ ಆ ದಿನ ನಾ ಒಬ್ಬಾಕಿನ ಇದ್ನೆಲ್ಲ," ಎಂದರು.

ಸರ್ ಕನ್ನಡಕವನ್ನು ಕೆಳಗಿಳಿಸಿ ನನ್ನನ್ನು ನೋಡಿದರು.

"ಯಾರೂ ನೋಡಿಲ್ಲ ಸರ್," ಎಂದೆ. "ನಾನ ಲೆಕ್ಕ ಹಾಕಿ ತುಂಬಿಸೀನಿ. ಹಿಂದ ಬರೆದೇನಿ. ಸಣ್ಣಗ."

ಅವರು ಹಾಳೆ ತಿರುಗಿಸಿದರು. ಓದಲು ಕಿಟಕಿಯ ಬೆಳಕಿಗೆ ಹಿಡಿಯಬೇಕಾಯಿತು. "ಭಾಳ ಸಣ್ಣಗ ಬರದಿ," ಎಂದರು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಕೆಳಗಿನ ಕಟ್ಟನ್ನು ತೆಗೆದುಕೊಟ್ಟೆ. ಚಾಚಿ ಏನು ಮಾಡಿದ್ದರು, ನಾನು ಏನೆಂದು ತಿಳಿದುಕೊಂಡಿದ್ದೆ, ಕಾರ್ಡು ಹೇಗೆ ಹೋಯಿತು, ಎಲ್ಲವನ್ನೂ ಹೇಳಿದೆ. ನನ್ನ ಜೀವನದಲ್ಲಿ ಒಮ್ಮೆಗೇ ಅಷ್ಟು ಮಾತಾಡಿದ್ದು ಅದೇ ಮೊದಲು. ಸಮಿತಿಯ ಆಸೆ ಬಿಟ್ಟಿದ್ದೆ. ರಾಣೆಬೆನ್ನೂರಿನ ಲ್ಯಾಬಿನ ಕಪಾಟುಗಳು ಕಣ್ಣಿಗೆ ಬಂದಿದ್ದವು.

ಸರ್ ಚಾಚಿಯ ಹಾಳೆಗಳನ್ನು ನೋಡುತ್ತ ಹೋದಂತೆ ನಿಧಾನವಾದರು. ಮೂರನೆಯದಕ್ಕೆ ಬಂದಾಗ, "ಬಾಯಾರ, ಇವು ಅಂಚಿನಿಂದ ಬಂದಾವೋ, ಇಲ್ಲೇ ಹುಟ್ಯಾವೋ?" ಎಂದು ಕೇಳಿದರು.

"ಇವು ಎರಡು ಅಂಚಿನಿಂದ ಬಂದಾವ್ರಿ. ಇದು ನಡುವ ಹುಟ್ಟಿದ್ದು. ಹಿಂದಿನ ದಿನ ಇಲ್ಲಿ ಬರೇ ಬಿಳಿ ಇತ್ತು."

"ಖರೇನ?"

"ಸುಳ್ಳ ಯಾಕ ಹೇಳ್ಲಿ? ಸೂರ್ಯ ಏನು ನಮ್ಮ ಬೀಗ್ರೇನು?"

ಸರ್ ಗಟ್ಟಿಯಾಗಿ ನಕ್ಕರು. ಪಕ್ಕದ ಲ್ಯಾಬಿನಲ್ಲಿ ಯಾರೋ ಇಣುಕಿ ನೋಡಿದರು. ಆಮೇಲೆ ಸರ್ ನನಗೆ ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲೇ ಬರೆಯುತ್ತೇನೆ.

ಹೊಸದಾಗಿ ಹುಟ್ಟಿದ ಕಲೆಗಳು ಹಳೆಯವಕ್ಕಿಂತ ತುಸು ಬೇಗ ತಿರುಗುತ್ತವೆ ಎಂದು ಆಗ ಕೆಲವರು ಹೇಳುತ್ತಿದ್ದರು. ಹೊಸ ಕಲೆಯ ಬೇರು ಇನ್ನೂ ಆಳದಲ್ಲಿರುತ್ತದೆ, ಆ ಆಳದ ವೇಗವನ್ನೇ ಅದು ತೋರಿಸುತ್ತಿರಬಹುದು ಎಂಬುದು ಅವರ ಊಹೆ. ಸೂರ್ಯನ ಮೈ ಸದಾ ಸಣ್ಣಗೆ ನಡುಗುತ್ತಿರುತ್ತದೆ, ಆ ನಡುಕವನ್ನು ಅಳೆದು ಒಳಗಿನ ತಿರುಗಾಟವನ್ನು ತಿಳಿಯುವ ಕೆಲಸ ದೊಡ್ಡ ದೇಶಗಳಲ್ಲಿ ನಡೆದಿತ್ತು. ಅದಕ್ಕೆ ಬೇಕಾದ ಉಪಕರಣ ನಮ್ಮಲ್ಲಿ ಇರಲಿಲ್ಲ. ಆದರೆ ಯಾವ ಕಲೆ ಯಾವ ದಿನ ಹುಟ್ಟಿತು, ಯಾವ ದಿನ ಅಳಿಯಿತು ಎಂದು ಬೇರೆ ಬೇರೆಯಾಗಿ ಬರೆಯಲು ಒಂದು ದೂರದರ್ಶಕ ಮತ್ತು ಒಂದು ಜೊತೆ ಒಳ್ಳೆಯ ಕಣ್ಣು ಸಾಕು. ದಿನವೂ ಒಟ್ಟು ಎಷ್ಟು ಎಂದು ಎಣಿಸುವವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ.

"ಇವನ್ನ ಹರಿದು ಹಾಕಲೇನ್ರಿ ಸರ್?" ಎಂದು ನನ್ನ ಹಾಳೆಗಳನ್ನು ತೋರಿಸಿದೆ.

"ಹರೀಬ್ಯಾಡ. ಮುಂದಿನ ಬದಿಗೆ, ದೊಡ್ಡ ಅಕ್ಷರದಾಗ ಊಹೆ ಅಂತ ಬರಿ. ಕಲಿ ಸಾಯೋದಿಲ್ಲ ಅಂತ ತಿಳದು ನೀ ಬರೆದದ್ದು ಇದು. ಎಷ್ಟು ಸತ್ತು ಅನ್ನೋದು ಬಾಯಾರ ತಲಿಯೊಳಗ ಅದ. ಆದ್ರ ತಲಿಯೊಳಗಿನದು ಸಮಿತಿಗೆ ನಡಿಯೂದಿಲ್ಲ, ಹಾಳಿ ಬೇಕು. ಈ ಸಲದ ಸಮಿತಿಗೆ ನಿನ್ನ ಹೆಸರು ಕೊಡೂದಿಲ್ಲ. ಸೂರ್ಯ ಎರಡು ಸುತ್ತು ಸುತ್ತೂತನಕ ಇಬ್ಬರೂ ಕೂಡಿ ಬರೀರಿ. ಹುಟ್ಟಿದಾವು ಒಂದು ಹಾಳಿ, ಸತ್ತಾವು ಒಂದು ಹಾಳಿ, ಎಲ್ಲಾ ಸೇರಿ ಒಂದು ಹಾಳಿ. ಜೂನಿನಾಗ ಮತ್ತೊಮ್ಮೆ ಕೂಡ್ತದ ಸಮಿತಿ. ಆವಾಗ ನೋಡೋಣು."

ಸಂಶೋಧನೆಯ ಕದ ಪೂರ್ತಿ ಮುಚ್ಚಿರಲಿಲ್ಲ. ಹೊರಗೆ ಬಂದು ಕಾಲೇಜಿನ ಮೆಟ್ಟಿಲ ಮೇಲೆ ಕೂತೆ. ಚಾಚಿ ಪಕ್ಕದಲ್ಲಿ ಕೂತು ಸೆರಗಿನ ಗಂಟಿನಿಂದ ಎಲೆಅಡಿಕೆ ತೆಗೆದರು.

"ನಾ ಮಾತಾಡಿ ನಿನ್ನ ಕೆಲಸ ಕೆಡಿಸಿದೆನೇನು?"

"ಇಲ್ಲ ಚಾಚಿ. ನಾ ಕೆಡಿಸ್ಕೊಳ್ಳಾಕತ್ತಿದ್ದೆ."

ಅವರು ಎಲೆಗೆ ಸುಣ್ಣ ಸವರುತ್ತ, "ತುಂಬಿಸಿದ್ದು ಛಂದ ಇತ್ತು, ಅದಕ್ಕೇನು," ಎಂದರು. ಅದು ಸಮಾಧಾನವೋ ಕುಚೋದ್ಯವೋ ತಿಳಿಯಲಿಲ್ಲ. ಬಹುಶಃ ಎರಡೂ.

ಏಪ್ರಿಲ್ ಹೊತ್ತಿಗೆ ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಮುಗಿಯಿತು. ಚಾಚಿಗೆ ಪೇಟೆಯ ಆಚೆ ತುದಿಯ ಗೋದಾಮಿನಲ್ಲಿ ತುಂಬು ಬಿಡಿಸುವ, ಅಂದರೆ ಕಾಯಿಯ ತೊಟ್ಟು ಕೀಳುವ ಕೆಲಸ ಸಿಕ್ಕಿತು. ಒಂಬತ್ತಕ್ಕೆ ಅಲ್ಲಿರಬೇಕು. ಅವರು ಎಂಟಕ್ಕೇ ನಮ್ಮ ಮನೆಗೆ ಬರತೊಡಗಿದರು. ನಾವು ಬೆನ್ನು ಬೆನ್ನಿಗೆ ಕೂತು, ಒಬ್ಬರದನ್ನು ಒಬ್ಬರು ನೋಡದೆ ಬರೆಯುತ್ತಿದ್ದೆವು. ಬರೆದಾದ ಮೇಲೆ ಹೊಂದಿಸುತ್ತಿದ್ದೆವು. ಹೊಂದದಿದ್ದ ಕಡೆ ಇಬ್ಬರೂ ಮತ್ತೆ ಬಿಂಬ ನೋಡುತ್ತಿದ್ದೆವು. ಬಹಳ ಸಲ ಚಾಚಿಯದೇ ಸರಿ ಇರುತ್ತಿತ್ತು. ನನ್ನದು ಸರಿಯಾದ ದಿನ, "ಶಾಬಾಸ್, ಕಣ್ಣು ಬರಾಕತ್ತಾವು," ಎನ್ನುತ್ತಿದ್ದರು. ಮೇ ತಿಂಗಳ ಸುಡುವ ಮಾಳಿಗೆಯ ಮೇಲೆ ಅಂಗಾಲು ಊರಲಾಗದೆ ಗೋಣಿಚೀಲ ಒದ್ದೆ ಮಾಡಿ ಹಾಸಿಕೊಳ್ಳುತ್ತಿದ್ದೆವು. ನಡುವೆ ನಾಲ್ಕು ದಿನ ಮೋಡವಾಯಿತು. ನಾಲ್ಕು ಹಾಳೆಗಳ ಮೇಲೆ ಮೋಡ ಎಂದು ಬರೆದು ಖಾಲಿ ಬಿಟ್ಟೆ. ಲೆಕ್ಕ ಹಾಕಿ ತುಂಬಲು ಹೋಗಲಿಲ್ಲ.

ಹುಟ್ಟಿ ಒಂದೇ ದಿನ ಬದುಕಿದ ಕಲೆಗಳು ನಾನು ತಿಳಿದದ್ದಕ್ಕಿಂತ ಎಷ್ಟೋ ಹೆಚ್ಚಿದ್ದವು. ಒಂದು ಕಲೆ ಮಾತ್ರ ಅಂಚಿನ ಆಚೆ ಹೋಗಿ, ಹದಿನಾಲ್ಕು ದಿನ ನಮಗೆ ಕಾಣದ ಕಡೆ ಸುತ್ತಿ, ಮತ್ತೆ ಪೂರ್ವದಲ್ಲಿ ಬಂತು. ಅದು ಹಳೆಯದೋ ಹೊಸದೋ ಎಂದು ನಾವಿಬ್ಬರೂ ಒಂದು ಬೆಳಗಿಡೀ ವಾದಿಸಿದೆವು. ಚಾಚಿ ಗೋದಾಮಿಗೆ ತಡವಾಗಿ ಹೋಗಿ ಬೈಸಿಕೊಂಡರು.

ಜೂನ್‌ನಲ್ಲಿ ಧಾರವಾಡಕ್ಕೆ ಹೋದೆ. ಸಮಿತಿಯಲ್ಲಿ ಐದು ಜನ ಇದ್ದರು. ಒಬ್ಬರು ಹಾಳೆಗಳನ್ನು ತಿರುವಿ ಹಾಕುತ್ತ, "ಪ್ರತಿ ಹಾಳಿ ಮ್ಯಾಲೆ ನೋಡಿದವರು ಇಬ್ಬರು ಅಂತದ. ಒಬ್ಬಾಕಿ ನೀವು. ಇನ್ನೊಬ್ಬರ ವಿದ್ಯಾರ್ಹತೆ ಏನು?" ಎಂದು ಕೇಳಿದರು.

"ಮೆಣಸಿನಕಾಯಿ ಆರಿಸ್ತಾರ ಸರ್," ಎಂದೆ. "ಮೂವತ್ತು ವರ್ಷ ಆತು."

ಯಾರೂ ನಗಲಿಲ್ಲ. ನಮ್ಮ ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ಕೇಳಿದವರು ಇನ್ನೊಂದು ಹಾಳೆ ಎತ್ತಿ, ನನ್ನ ಎಣಿಕೆ ಮತ್ತು ಚಾಚಿಯ ಎಣಿಕೆ ಎಷ್ಟು ಸಲ ಹೊಂದಿಲ್ಲ, ಯಾಕೆ ಹೊಂದಿಲ್ಲ ಎಂದು ಕೇಳತೊಡಗಿದರು. ಮುಕ್ಕಾಲು ಗಂಟೆ ಕೇಳಿದರು. ಗೊತ್ತಿದ್ದಲ್ಲಿ ಗೊತ್ತು ಎಂದೆ, ಗೊತ್ತಿಲ್ಲದಲ್ಲಿ ಗೊತ್ತಿಲ್ಲ ಎಂದೆ. ಎರಡನೆಯದನ್ನೇ ಹೆಚ್ಚು ಸಲ ಹೇಳಿದ ನೆನಪು.

ಹತ್ತು ದಿನಕ್ಕೆ ಪತ್ರ ಬಂತು. ಸಂಶೋಧನೆಗೆ ಸೇರಿಸಿಕೊಂಡಿದ್ದರು. ಅಪ್ಪ ರಾಣೆಬೆನ್ನೂರಿನಿಂದ ಬಂದವರು ಪತ್ರವನ್ನು ಎರಡು ಸಲ ಓದಿ, ಕಾಲೇಜಿನವರಿಗೆ ಏನು ಹೇಳಲಿ ಎಂದು ಅವ್ವನನ್ನು ಕೇಳಿದರು. "ಬರೂದಿಲ್ಲ ಅಂತ ಹೇಳ್ರಿ," ಎಂದಳು ಅವ್ವ, ಅದರಲ್ಲಿ ಯೋಚಿಸುವುದೇನಿದೆ ಎಂಬಂತೆ.

ಚಾಚಿಗೆ ಹೇಳಲು ಗೋದಾಮಿಗೆ ಹೋದೆ. ಹೆಂಗಸರ ಸಾಲಿನ ನಡುವೆ ಕೂತು ತೊಟ್ಟು ಕೀಳುತ್ತಿದ್ದರು. ಘಾಟಿಗೆ ನನಗೆ ಸೀನು ಬಂದು ಮಾತೇ ಹೊರಡಲಿಲ್ಲ. ಪತ್ರವನ್ನು ತೋರಿಸಿದೆ. ಅವರು ಅದನ್ನು ಓದಲಾರರು, ಮುಟ್ಟಲೂ ಇಲ್ಲ; ಕೈಯೆಲ್ಲ ಖಾರವಾಗಿತ್ತು. ನನ್ನ ಮುಖ ನೋಡಿ ತಿಳಿದುಕೊಂಡರು.

"ತಗೊಂಡ್ರು?"

"ತಗೊಂಡ್ರು ಚಾಚಿ."

"ಒಳ್ಳೇದಾತು. ಧಾರವಾಡಕ್ಕ ಯಾವಾಗ ಹೋಗ್ತಿ?"

"ಆಗಸ್ಟಿನಾಗ."

ಅವರು ಹೊರಗಿನ ಆಕಾಶ ನೋಡಿದರು. ಮಳೆಗಾಲದ ಮೋಡ ಕವಿದಿತ್ತು, ಪಡುವಣದ ಕಡೆ ಮಾತ್ರ ಸ್ವಲ್ಪ ತೆರಪಾಗಿತ್ತು. "ಆಗಸ್ಟಿಗೆ ಇನ್ನೂ ಭಾಳ ದಿನ ಐತಿ," ಎಂದರು. "ನಾಳೆ ಮುಂಜಾನೆ ಎಂಟಕ್ಕ ಬರ್ತೇನಿ. ಬಿಸಿಲು ಬಿದ್ರ ಬರೆಯೋಣು."